ಶೀತಾಗಾರದಲ್ಲಿ ಬೆಚ್ಚನೆಯ ಸಂಜೆ

ಚಳಿ ಕಾಲಿಡುತ್ತಿದ್ದಂತೆ ಒಂದು ವಿಶಿಷ್ಟ ಸಾಹಿತ್ಯ ಪ್ರಕಾರವೂ ಚಿಗುರುತ್ತದೆ. ಅದು, ಈ ಚಳಿಗಾಲದಲ್ಲಿ ತಪ್ಪದೆ ನೋಡಬೇಕಾದ ಬೆಚ್ಚನೆಯ ಕ್ರಾಫ್ಟ್ ಬ್ರೂವರಿಗಳ, ಅಂದರೆ ಬಿಯರನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ ಅಲ್ಲೇ ಬಡಿಸುವ ಕಾರ್ಖಾನೆಗಳ, ಪಟ್ಟಿ. ಅದರ ಭಾಷೆಯನ್ನು ನೋಡಿದರೆ, ಬರೆದವರು ಬಿಯರ್ ಕಾರ್ಖಾನೆಗೆ ಹೋಗಿದ್ದರೋ, ಬಾಣಂತನಕ್ಕೆಂದು ತವರಿಗೆ ಹೋಗಿದ್ದರೋ ಎಂಬ ಅನುಮಾನ ಹುಟ್ಟುತ್ತದೆ. ಅಲ್ಲಿ ಮರದ ಮೇಜು ಅಪ್ಪಿಕೊಳ್ಳುತ್ತದೆ, ಹಳದಿ ದೀಪ ಮಾತನಾಡಿಸುತ್ತದೆ, ಸ್ಟೌಟ್ ಎಂಬ ಕಪ್ಪು ಬಿಯರ್ ಆತ್ಮಕ್ಕೆ ಕಂಬಳಿ ಹೊದಿಸುತ್ತದೆ. ಗೋಡೆಯಲ್ಲೊಂದು ಬೆಂಕಿಗೂಡು ಇದ್ದುಬಿಟ್ಟರಂತೂ, ಬಿಯರ್ ಹೇಗಿತ್ತು ಎಂಬ ಕ್ಷುಲ್ಲಕ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಬಿಯರ್ ತಯಾರಿಕೆಯ ಬಗ್ಗೆ ಅಲ್ಪಸ್ವಲ್ಪ ತಿಳಿದವರಿಗೂ ಇಲ್ಲೊಂದು ತೊಡಕು ಕಾಣಿಸಬೇಕು. ಬ್ರೂವರಿ ಎಂಬುದು ಸ್ವಭಾವತಃ ಬೆಚ್ಚಗಿರಲು ಒಪ್ಪದ ಕಟ್ಟಡ. ಅದರ ನೆಲವನ್ನು ಮತ್ತೆ ಮತ್ತೆ ನೀರು ಹಾಯಿಸಿ ತೊಳೆಯಬೇಕಾದ್ದರಿಂದ ಅದು ಕಾಂಕ್ರೀಟಿನದಾಗಿರುತ್ತದೆ ಮತ್ತು ಚರಂಡಿಯ ಕಡೆಗೆ ಇಳಿಜಾರಾಗಿರುತ್ತದೆ. ಎತ್ತರದ ಉಕ್ಕಿನ ತೊಟ್ಟಿಗಳು ನಿಲ್ಲಬೇಕಾದ್ದರಿಂದ ಛಾವಣಿ ಆಕಾಶಕ್ಕೆ ಹತ್ತಿರವಿರುತ್ತದೆ, ಇರುವ ಅಲ್ಪ ಶಾಖವೂ ಅಲ್ಲಿಗೇ ಏರಿ ನಿಲ್ಲುತ್ತದೆ. ಧಾನ್ಯದ ಮೂಟೆಗಳನ್ನು ಇಳಿಸಲು ಲಾರಿ ಬರಬೇಕಾದ್ದರಿಂದ ಒಂದಿಡೀ ಗೋಡೆಯೇ ಶಟರ್ ಬಾಗಿಲಾಗಿರುತ್ತದೆ. ಹುದುಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದದ್ದು, ಕೆಳಗೆ ಶೇಖರವಾದರೆ ಉಸಿರುಗಟ್ಟಿಸಿ ಕೊಲ್ಲಬಲ್ಲದ್ದು, ಆದ್ದರಿಂದ ಗಾಳಿಯಾಡುವಿಕೆ ಅಲ್ಲಿ ಪ್ರಾಣದ ಪ್ರಶ್ನೆ. ಇಷ್ಟರ ಮೇಲೆ, ತೊಟ್ಟಿಗಳ ಹೊರಕವಚದಲ್ಲಿ ಹೆಪ್ಪುಗಟ್ಟದಂತೆ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ ತಣ್ಣನೆಯ ದ್ರವ ಹಗಲಿರುಳು ಸುತ್ತುತ್ತಿರುತ್ತದೆ. ಲಾಗರ್ ಎಂಬ ಬಗೆಯ ಬಿಯರ್ ಹುದುಗುವುದು ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮೇಲೆ ವಾರಗಟ್ಟಲೆ ಮಾಗುವುದು ಸೊನ್ನೆಯ ಆಸುಪಾಸಿನಲ್ಲಿ. ಹೀಗೆ ತಂಪನ್ನು ಉತ್ಪಾದಿಸಿ, ಸಾಗಿಸಿ, ಕಾಪಾಡುವುದಕ್ಕಾಗಿಯೇ ಕಟ್ಟಿದ ಸ್ಥಳದಲ್ಲಿ ನಾಲ್ಕು ಹಳದಿ ಬಲ್ಬು ತೂಗುಹಾಕಿ, ಬೆನ್ನಿಗೆ ಆಸರೆಯಿಲ್ಲದ ಕಬ್ಬಿಣದ ಸ್ಟೂಲುಗಳನ್ನು ಹರಡಿದ ಮಾತ್ರಕ್ಕೆ ಅದು ಆಪ್ತ ಮಡಿಲಾಗಿಬಿಡುತ್ತದೆ! ಕಾಂಕ್ರೀಟು ಮತ್ತು ಉಕ್ಕಿನ ನಡುವೆ ಪ್ರತಿಧ್ವನಿಸುವ ಗದ್ದಲದಲ್ಲಿ ಎದುರಿಗೆ ಕುಳಿತವರ ಮಾತು ಕೇಳಿಸದಿರುವುದನ್ನು ಪಟ್ಟಿಕಾರರು ‘ಜೀವಂತ ವಾತಾವರಣ’ ಎಂದು ಬಣ್ಣಿಸುತ್ತಾರೆ.

ಹಿಂದಿನವರಿಗೆ ಈ ಗೊಂದಲವಿರಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಹೊರಟ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿತ್ತು, ಏಕೆಂದರೆ ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತಿತ್ತು. ಚಳಿಗಾಲ ಬ್ರೂವರಿಗೆ ದುಡಿಯುವ ಕಾಲವಾಗಿತ್ತೇ ಹೊರತು ಕಂಬಳಿ ಹೊದ್ದು ಫೋಟೋ ತೆಗೆಸಿಕೊಳ್ಳುವ ಕಾಲವಾಗಿರಲಿಲ್ಲ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರು ಬ್ರೂವರಿಗಳ ಬೆಂಬಲದಿಂದಲೇ ಶೈತ್ಯಯಂತ್ರವನ್ನು ರೂಪಿಸಿ, ವರ್ಷವಿಡೀ ಚಳಿಗಾಲವನ್ನು ಕಟ್ಟಡದೊಳಗೆ ಕೂಡಿಹಾಕುವ ಉಪಾಯವನ್ನು ಒದಗಿಸಿದರು. ಅಷ್ಟು ಕಷ್ಟಪಟ್ಟು ಒಳಗೆ ತಂದ ಆ ಚಳಿಯ ಪಕ್ಕದಲ್ಲಿ ಕುಳಿತು ಮೈ ಬೆಚ್ಚಗೆ ಮಾಡಿಕೊಳ್ಳಲು ನಾವೀಗ ಹೊರಗಿನ ಚಳಿಯಲ್ಲಿ ಸಾಲುಗಟ್ಟಿ ನಿಲ್ಲುತ್ತೇವೆ.

ಮೈ ಬೆಚ್ಚಗಾಗುವ ವಿಷಯಕ್ಕೆ ಬಂದರೆ, ‘ವಿಂಟರ್ ವಾರ್ಮರ್’ ಎಂಬ ಹೆಸರಿನ ಗಾಢ, ಸಿಹಿಮಿಶ್ರಿತ, ಮದ್ಯಸಾರ ತುಸು ಹೆಚ್ಚಿರುವ ಬಿಯರ್ ಪ್ರಕಾರವೇ ಒಂದಿದೆ. ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿರಕ್ತ ಮೇಲ್ಮೈಗೆ ಬರುತ್ತದೆ, ಕೆನ್ನೆ ಕಾಯುತ್ತದೆ, ಕುಡಿದವರು ತೃಪ್ತಿಯಿಂದ ನಿಟ್ಟುಸಿರಿಡುತ್ತಾರೆ. ಅದೇ ಹೊತ್ತಿಗೆ ಆ ಶಾಖ ಚರ್ಮದಿಂದ ಹೊರಗೆ ಸೋರಿಹೋಗಿ ದೇಹದ ಒಳ ಉಷ್ಣಾಂಶ ಇಳಿಯತೊಡಗುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಶರೀರಶಾಸ್ತ್ರವೇ ಇಲ್ಲಿ ಸಾಧಿಸಿ ತೋರಿಸಿದೆ. ಗ್ರಾಹಕರಿಗೆ ಬೆಚ್ಚಗಾದಂತೆ ತೋರುವುದಂತೂ ನಿಜವಾದ್ದರಿಂದ, ಆ ಹೆಸರು ಸುಳ್ಳೆಂದು ಯಾರೂ ದಾವೆ ಹೂಡುವಂತಿಲ್ಲ.

ಇನ್ನು ಈ ಋತುವಿನ ನಿಜವಾದ ನಾಯಕ ಪೇಸ್ಟ್ರಿ ಸ್ಟೌಟ್ ಎಂಬ ಸಿಹಿತಿಂಡಿಯಂಥ ಬಿಯರ್. ಅದೇ ಬವೇರಿಯಾದ 1516ರ ಶುದ್ಧತಾ ನಿಯಮವು ಬಿಯರಿನಲ್ಲಿ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು ಮತ್ತು ನೀರಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಇಂದಿನ ತೊಟ್ಟಿಗೆ ವೆನಿಲ್ಲಾ, ತೆಂಗಿನತುರಿ, ದಾಲ್ಚಿನ್ನಿ, ಹಾಲಿನ ಸಕ್ಕರೆ, ಮಾರ್ಷ್‌ಮೆಲ್ಲೋ, ಕೆಲವೊಮ್ಮೆ ಇಡೀ ಬಿಸ್ಕತ್ತು ಬೀಳುತ್ತವೆ. ಹುಟ್ಟುಹಬ್ಬದ ಕೇಕನ್ನು ಬಕೆಟ್ಟಿಗೆ ಕೆಡವಿ ಹುದುಗಿಸಿದಂತಿರುವ ಈ ಪೇಯವನ್ನು ಹೀರಿ, ಬಾಯಿಯ ಅಂಟನ್ನು ಒರೆಸಿಕೊಂಡು, ‘ಬಾರ್ಲಿಯ ಸೂಕ್ಷ್ಮ ಛಾಯೆ ಗಮನಾರ್ಹ’ ಎಂದು ಬರೆಯಬಲ್ಲವರ ನಾಲಿಗೆಯನ್ನು ವಿಜ್ಞಾನವು ಸಂರಕ್ಷಿಸಿಡಬೇಕು.

ಒಳಗೆ ಜಾಗ ಸಾಲದವರಿಗಾಗಿ ಅಂಗಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟಗಳಿವೆ. ಅವುಗಳ ಹೊರಗೆ ಕುಳಿತವರಿಗಾಗಿ ಬಯಲನ್ನೇ ಕಾಯಿಸುವ ಗ್ಯಾಸ್ ಹೀಟರುಗಳಿವೆ. ಫ್ರಾನ್ಸ್ ದೇಶವು 2022ರಿಂದ ಅಂಗಳಗಳಲ್ಲಿ ಇಂತಹ ಹೀಟರುಗಳನ್ನು ನಿಷೇಧಿಸಿತು. ಆಕಾಶವನ್ನು ಬಿಸಿಮಾಡುವುದು ಹೋಟೆಲು ಉದ್ಯಮದ ಕೆಲಸವಲ್ಲವೆಂದು ಒಂದು ಸರ್ಕಾರಕ್ಕಾದರೂ ಹೊಳೆದದ್ದು ಸಮಾಧಾನದ ಸಂಗತಿ.

ಬೆಚ್ಚಗೆ ಎಂಬುದರ ಜೊತೆಗೆ ಪಟ್ಟಿಗಳಲ್ಲಿ ತಪ್ಪದೆ ಬರುವ ಇನ್ನೊಂದು ಗುಣವಾಚಕ ‘ಪುಟ್ಟ’. ಅಮೆರಿಕದ ಕ್ರಾಫ್ಟ್ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಾರ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದೆ ಬಿಯರ್ ತಯಾರಿಸುವವರು ಸಣ್ಣವರು. ಒಂದು ಬ್ಯಾರೆಲ್ಲಿಗೆ ಸುಮಾರು 117 ಲೀಟರಿನಂತೆ ಲೆಕ್ಕ ಹಾಕಿದರೆ, ಈ ಸಣ್ಣತನ 70 ಕೋಟಿ ಲೀಟರಿನವರೆಗೆ ಹಬ್ಬಬಹುದು. 2011ಕ್ಕೆ ಮೊದಲು ಮಿತಿ 20 ಲಕ್ಷ ಬ್ಯಾರೆಲ್ ಆಗಿತ್ತು. ಬಾಸ್ಟನ್ ಬಿಯರ್ ಕಂಪನಿ ಆ ಮಿತಿಯನ್ನು ದಾಟುವ ಹಂತಕ್ಕೆ ಬೆಳೆದಾಗ, ಸಂಘಕ್ಕೆ ಕಂಪನಿಯನ್ನು ದೊಡ್ಡದೆಂದು ಕರೆಯುವ ಅಪಚಾರಕ್ಕಿಂತ ಸಣ್ಣ ಎಂಬುದನ್ನೇ ಮೂರು ಪಟ್ಟು ಹಿಗ್ಗಿಸುವುದು ಲೇಸೆನಿಸಿತು.

ಹಾಗೆಂದು ಬ್ರೂವರಿಯಲ್ಲಿ ಬೆಚ್ಚನೆಯ ಜಾಗವೇ ಇಲ್ಲವೆಂದು ಯಾರೂ ಭಾವಿಸಬಾರದು. ಧಾನ್ಯದ ರಸವನ್ನು ಹಾಪ್ಸ್ ಜೊತೆ ಒಂದು ಗಂಟೆಗೂ ಮಿಕ್ಕಿ ಕೊತಕೊತ ಕುದಿಸುವ ಹಂಡೆಯ ಬಳಿ ಅಪ್ಪಟ ಶಾಖವಿರುತ್ತದೆ. ಅಲ್ಲಿ ಆವಿಯಿಂದ ಕಿಟಕಿಗಳು ಮಂಜಾಗಿರುತ್ತವೆ, ಹುರಿದ ಧಾನ್ಯದ ಘಮ ತುಂಬಿರುತ್ತದೆ, ರಬ್ಬರ್ ಬೂಟು ತೊಟ್ಟ ಕೆಲಸಗಾರರು ನಡುಚಳಿಗಾಲದಲ್ಲೂ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಆದರೆ ಈ ಕುದಿತ ಸಾಮಾನ್ಯವಾಗಿ ನಡೆಯುವುದು ಹಗಲಿನಲ್ಲಿ, ಹಂಡೆಯ ಕೋಣೆಗೆ ಸಂದರ್ಶಕರಿಗೆ ಪ್ರವೇಶವಿಲ್ಲ, ಮತ್ತು ಸಂಜೆ ಹಳದಿ ದೀಪಗಳು ಹೊತ್ತಿಕೊಳ್ಳುವಷ್ಟರಲ್ಲಿ ಅದನ್ನು ತಣ್ಣೀರು ಹಾಯಿಸಿ ತೊಳೆದು ಮುಗಿಸಿರುತ್ತಾರೆ.