ಎಷ್ಟು ಕೊಡುತ್ತೆ, ಎಷ್ಟು ಹೊರುತ್ತೆ

ನಮ್ಮೂರಲ್ಲಿ ಹೊಸ ಬೈಕ್ ತಂದು ನಿಲ್ಲಿಸಿದರೆ ಮೊದಲು ಬರುವ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಆಮೇಲೆ ‘ಎಷ್ಟು ಸಿಸಿ?’ ಅದಾದ ಮೇಲೆ ‘ಆನ್‌ರೋಡ್ ಎಷ್ಟಾಯ್ತು?’ ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಭಾನುವಾರ ನನ್ನ ಜೊತೆ ಬೈಕ್ ಓಡಿಸುವವರು ಕೇಳುವುದೇ ಬೇರೆ. ಎಷ್ಟು ಭಾರ ಹೊರುತ್ತೆ? ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಾ? ಹಿಂದೆ ಕೂತವರಿಗೆ ಹೇಗಿದೆ?

ಊರಿನಿಂದ ಫೋನ್ ಮಾಡಿ ‘ಲಾಂಗ್ ರೈಡ್‌ಗೆ ಯಾವ ಬೈಕ್ ತಗೊಳ್ಳಲಿ, ನೀನು ಜರ್ಮನಿಯಲ್ಲಿದ್ದೀಯಲ್ಲ’ ಎಂದು ಕೇಳುವವರು ಬೇಕಾದಷ್ಟು ಜನ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ. ಜರ್ಮನ್ನರ ಪ್ರಶ್ನೆಗಳನ್ನು ತಗೊಳ್ಳಿ, ಅವರ ಬೈಕ್ ಬೇಡ.

ಮೊದಲು ಭಾರದ ವಿಷಯ. ಇಲ್ಲಿ ಟೂರಿಂಗ್ ಬೈಕ್ ಅಂದರೆ ಎಲ್ಲರ ಕಣ್ಣೂ ಬಿಎಂಡಬ್ಲ್ಯು ಜಿಎಸ್ ಮೇಲೆ. ಈಗಿನ ಆರ್ 1300 ಜಿಎಸ್ ತೂಕ 237 ಕೆಜಿ. ಬೈಕ್, ಸವಾರ, ಸಾಮಾನು ಎಲ್ಲ ಸೇರಿ 465 ಕೆಜಿ ದಾಟಬಾರದು. ಕಳೆದರೆ ಉಳಿಯುವುದು 228. ಜಾಸ್ತಿ ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ. 85 ಕೆಜಿ ಗಂಡ, 65 ಕೆಜಿ ಹೆಂಡತಿ, ಇಬ್ಬರ ಜಾಕೆಟ್, ಹೆಲ್ಮೆಟ್, ಬೂಟು ಸೇರಿ ಒಂದು 15 ಕೆಜಿ. ಅಲ್ಲಿಗೆ 165 ಆಯ್ತು. ಇನ್ನು ಎರಡು ಪಕ್ಕದ ಪೆಟ್ಟಿಗೆ, ಹಿಂದೊಂದು ಟಾಪ್ ಬಾಕ್ಸ್. ಅವುಗಳ ಖಾಲಿ ತೂಕವೇ ಕಮ್ಮಿ ಇಲ್ಲ. ಬಟ್ಟೆಬರೆ, ಟೆಂಟು, ಟೂಲ್ಸ್ ತುಂಬುವಷ್ಟರಲ್ಲಿ ಲಕ್ಷಗಟ್ಟಲೆ ಬೆಲೆಯ ಈ ದೈತ್ಯನಿಗೂ ಉಸಿರು ಕಟ್ಟುತ್ತದೆ. ಇಲ್ಲಿನವರು ಬೈಕ್ ಕೊಳ್ಳುವ ಮೊದಲೇ ಈ ಲೆಕ್ಕ ಮಾಡುತ್ತಾರೆ. ನನ್ನ ಪಕ್ಕದ ಮನೆಯವರು ಮನೆಯ ತೂಕದ ಯಂತ್ರದ ಮೇಲೆ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದನ್ನು ನೋಡಿದ್ದೇನೆ. ಸ್ವಲ್ಪ ಅತಿಯೇ. ಆದರೆ ಲೆಕ್ಕ ಸರಿ.

ನಮ್ಮಲ್ಲಿ ಈ ಮಾತೇ ಏಳುವುದಿಲ್ಲ. ಗೋಕರ್ಣಕ್ಕೆ ಹೊರಟ ಜೋಡಿಯೊಂದರ ಬೈಕ್ ನೆನೆಸಿಕೊಳ್ಳಿ. ಎರಡೂ ಕಡೆ ಸ್ಯಾಡಲ್ ಬ್ಯಾಗ್, ಮುಂದೆ ಟ್ಯಾಂಕ್ ಬ್ಯಾಗ್, ಹಿಂದೆ ಬಂಜಿ ಹಗ್ಗದಲ್ಲಿ ಬಿಗಿದ ಟೆಂಟು, ಅದರ ಮೇಲೆ ಅತ್ತೆ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ. ಹಿಂದಿನ ಸಸ್ಪೆನ್ಷನ್ ಪೂರ್ತಿ ಕುಸಿದಿರುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಕೊಂಬೆ ನೋಡುತ್ತಿರುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ, ತಿರುವಿನಲ್ಲಿ ಹ್ಯಾಂಡಲ್ ತೇಲಿದ ಹಾಗಾಗುತ್ತದೆ. ಹಂಪ್ ಬಂದರೆ ಬೆನ್ನುಮೂಳೆಗೇ ಪೆಟ್ಟು. ಆಗ ಬೈಕನ್ನು ಬೈಯುತ್ತೇವೆ. ಬೈಕಿನದೇನೂ ತಪ್ಪಿಲ್ಲ. ಹಿಂದಿನ ಸ್ಪ್ರಿಂಗ್‌ನ ಪ್ರೀಲೋಡ್, ಅಂದರೆ ಅದನ್ನು ಮೊದಲೇ ಒತ್ತಿಡುವ ಬಿಗಿ, ಎರಡು ಹಲ್ಲು ಹೆಚ್ಚು ಮಾಡಿ, ಟೈರಿಗೆ ಇಬ್ಬರು ಕೂತಾಗ ಇರಬೇಕಾದಷ್ಟು ಗಾಳಿ ಹಾಕಿಸಿದ್ದರೆ ಅರ್ಧ ತೊಂದರೆ ಹೋಗುತ್ತಿತ್ತು. ಪ್ರೀಲೋಡ್ ತಿರುಗಿಸುವ ಸ್ಪ್ಯಾನರ್ ಎಷ್ಟೋ ಬೈಕ್‌ಗಳ ಟೂಲ್ ಕಿಟ್‌ನಲ್ಲೇ ಇರುತ್ತದೆ. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರುವುದಿಲ್ಲ.

ಎರಡನೆಯದು ಸೀಟಿನ ಎತ್ತರ. ಇದು ಶೋರೂಮಿನ ಸಪಾಟು ಟೈಲ್ಸ್ ಮೇಲೆ ಗೊತ್ತಾಗುವ ವಿಷಯ ಅಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಾಗ ಗೊತ್ತಾಗುತ್ತದೆ. ರಸ್ತೆ ಎಡಕ್ಕೆ ಇಳಿಜಾರು, ಮೇಲೆ ಮಳೆ, ಹಿಂದೆ ಹೆಂಡತಿ, ಲಗೇಜು. ಎಡಗಾಲು ಕೆಳಗಿಟ್ಟರೆ ನೆಲ ಇನ್ನೂ ನಾಲ್ಕು ಬೆರಳು ಕೆಳಗೆ! ಬೈಕ್ ವಾಲಿದ ಮೇಲೆ ಎಂಥ ಬಲಶಾಲಿಯೂ ತಡೆಯಲಾರ. ಜಿಎಸ್ ಸೀಟು 850 ಮಿಲಿಮೀಟರ್. ಇಲ್ಲಿನ ಎತ್ತರದ ಜನರೇ ಕಮ್ಮಿ ಎತ್ತರದ ಸೀಟು ಕೇಳಿ ಹಾಕಿಸಿಕೊಳ್ಳುತ್ತಾರೆ, ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ. ನಮ್ಮಲ್ಲಿ ಎತ್ತರದ ಬೈಕ್ ಅಂದರೆ ಗತ್ತು. ತುದಿಗಾಲಲ್ಲಿ ನಿಂತರೂ ಪರವಾಗಿಲ್ಲ, ಫೋಟೋ ಚೆನ್ನಾಗಿ ಬರಬೇಕು.

ಈ ಎಚ್ಚರ ಇಲ್ಲಿನವರಿಗೆ ಹುಟ್ಟಿನಿಂದ ಬಂದದ್ದಲ್ಲ. ಲೈಸೆನ್ಸ್ ಪದ್ಧತಿಯೇ ಕಲಿಸುತ್ತದೆ. 18 ವರ್ಷಕ್ಕೆ ಎ2 ಲೈಸೆನ್ಸ್ ಸಿಗುತ್ತದೆ. ಅದರಲ್ಲಿ 35 ಕಿಲೋವಾಟ್, ಅಂದರೆ ಸುಮಾರು 48 ಎಚ್‌ಪಿ ದಾಟಿದ ಬೈಕ್ ಓಡಿಸುವ ಹಾಗಿಲ್ಲ. ಎರಡು ವರ್ಷ ಕಳೆದ ಮೇಲೆ ಮತ್ತೊಂದು ಪರೀಕ್ಷೆ, ಆಮೇಲೆ ದೊಡ್ಡದು. ಪರೀಕ್ಷೆಯಲ್ಲಿ 50ರ ವೇಗದಿಂದ ಗಬಕ್ಕನೆ ಬ್ರೇಕ್ ಹಾಕಿ ನಿಲ್ಲಿಸಬೇಕು, ಬ್ರೇಕ್ ಮುಟ್ಟದೆ ಅಡ್ಡ ಬಂದದ್ದನ್ನು ತಪ್ಪಿಸಬೇಕು, ನಡಿಗೆಯ ವೇಗದಲ್ಲಿ ನೇರ ಹೋಗಬೇಕು. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ನಾವೂ ಪರೀಕ್ಷೆ ಬರೆಯಬೇಕು. ಊರಲ್ಲಾದರೆ ಸ್ಪ್ಲೆಂಡರ್‌ನಲ್ಲಿ ಎಂಟು ಹೊಡೆದು ಲೈಸೆನ್ಸ್ ತಗೊಂಡವನು ಅವತ್ತೇ ಮಧ್ಯಾಹ್ನ ಹಯಾಬುಸಾದಂಥ ದೈತ್ಯ ಬೈಕ್ ಕೊಂಡು ಮನೆಗೆ ಹೋಗಬಹುದು. ಕಾನೂನು ತಡೆಯುವುದಿಲ್ಲ, ಅಪ್ಪ ತಡೆಯಬೇಕು.

ಇಷ್ಟೆಲ್ಲ ಹೊಗಳಿದ ಮೇಲೂ ಅವರ ಬೈಕ್ ಯಾಕೆ ಬೇಡ ಅನ್ನುತ್ತೇನೆ? ಆ ಬೈಕ್ ಹುಟ್ಟಿದ್ದು ಅವರ ರಸ್ತೆಗೆ. ಇಲ್ಲಿನ ಹೆದ್ದಾರಿ ಆಟೋಬಾನ್‌ನಲ್ಲಿ 130ರಲ್ಲಿ ಹೋಗಿ ಎನ್ನುವುದು ಬರೀ ಸಲಹೆ, ಎಷ್ಟೋ ಕಡೆ ಮಿತಿಯೇ ಇಲ್ಲ. ಆ ವೇಗದಲ್ಲಿ ಗಂಟೆಗಟ್ಟಲೆ ಓಡಲು, ಪಕ್ಕದಲ್ಲಿ ಲಾರಿ ದಾಟುವಾಗ ಗಾಳಿಗೆ ಅಲುಗದಿರಲು ತೂಕ ಬೇಕು, 145 ಎಚ್‌ಪಿಯೂ ಬೇಕು. ಅಷ್ಟು ಓಡಿ ಆಲ್ಪ್ಸ್ ಸೇರಿ, 2757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿ ಹತ್ತಿ ಇಳಿಯುತ್ತಾರೆ. ರಸ್ತೆ ನುಣುಪು. ಇನ್ನು ಚಳಿಗಾಲದಲ್ಲಿ ಎಷ್ಟೋ ಬೈಕ್‌ಗಳು ರಸ್ತೆಗೇ ಇಳಿಯುವುದಿಲ್ಲ. ನಂಬರ್ ಪ್ಲೇಟಿನ ಬಲ ತುದಿಯಲ್ಲಿ ಮೇಲೊಂದು ಕೆಳಗೊಂದು ಅಂಕಿ ಇರುತ್ತದೆ, 04 ಮತ್ತು 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸಬಹುದು. ತೆರಿಗೆ, ಇನ್ಶೂರೆನ್ಸ್ ಕೂಡ ಅಷ್ಟೇ ತಿಂಗಳಿಗೆ. ಕೆಟ್ಟು ನಿಂತರೆ ಎಡಿಎಸಿ ಎಂಬ ವಾಹನ ಸವಾರರ ಸಂಘದ ಹಳದಿ ಗಾಡಿ ಬರುತ್ತದೆ. ಆ ಸಂಘ 1903ರಲ್ಲಿ ಇದೇ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದದ್ದು, ಅದೂ ಬೈಕ್ ಸವಾರರ ಸಂಘವಾಗಿ.

ನಮ್ಮ ರಸ್ತೆಯಲ್ಲಿ ಇದ್ಯಾವುದೂ ಇಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕ್‌ಗೆ ಮಿತಿ 80. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿಗೆ ಬರುವ ಟ್ರ್ಯಾಕ್ಟರ್, ಒಣಗಲು ಹರಡಿದ ಹುರುಳಿ, ಬಣ್ಣ ಬಳಿಯದ ಹಂಪು. 145 ಎಚ್‌ಪಿ ಎಲ್ಲಿ ಖರ್ಚು ಮಾಡೋಣ? ಸಕಲೇಶಪುರದ ಎಸ್ಟೇಟ್ ದಾರಿಯ ಕೆಸರಿನಲ್ಲಿ 237 ಕೆಜಿ ಮಲಗಿಬಿಟ್ಟರೆ ಎತ್ತಲು ಇಬ್ಬರು ಬೇಕು. ಸುತ್ತ ಕಾಫಿ ಗಿಡ ಬಿಟ್ಟರೆ ಯಾರೂ ಇರುವುದಿಲ್ಲ.

ಇನ್ನು ರಿಪೇರಿ. ಹಿರಿಯೂರು ದಾಟಿದ ಮೇಲೆ ಟೈರಿಗೆ ಮೊಳೆ ಚುಚ್ಚಿತು ಅಂದುಕೊಳ್ಳಿ. ಹಳೆ ಟೈರ್ ನೇತು ಹಾಕಿದ ಅಂಗಡಿ ಸ್ವಲ್ಪ ದೂರದಲ್ಲೇ ಸಿಗುತ್ತದೆ. ಅಣ್ಣ ಎರಡು ಲಿವರ್‌ನಲ್ಲಿ ಟೈರ್ ಎಬ್ಬಿಸುತ್ತಾನೆ, ಟ್ಯೂಬ್ ಎಳೆದು ಬಾಣಲೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾನೆ, ಉಜ್ಜಿ ಪ್ಯಾಚ್ ಹಾಕುತ್ತಾನೆ. ಆಮೇಲೆ ಟೈರಿನ ಒಳಗೆ ಬೆರಳಾಡಿಸಿ ಮೊಳೆಯ ತುದಿ ಉಳಿದಿದೆಯಾ ನೋಡುತ್ತಾನೆ. ಈ ಕೊನೆಯ ಕೆಲಸ ಮಾಡುವವನೇ ಒಳ್ಳೆ ಕೆಲಸಗಾರ. ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಜಿಲ್ಲಾ ಕೇಂದ್ರದಲ್ಲಿ ಸಿಗುವ ಬೈಕ್ ನಮಗೆ ಬೇಕು. ದೊಡ್ಡ ವಿದೇಶಿ ಬೈಕಿನ ಸರ್ವಿಸ್ ದೊಡ್ಡ ಊರುಗಳಲ್ಲಿ ಮಾತ್ರ. ಲ್ಯಾಪ್‌ಟಾಪ್ ಜೋಡಿಸದೆ ಅದಕ್ಕೇನಾಗಿದೆ ಎಂದೇ ತಿಳಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಜರ್ಮನ್ ಬೈಕ್ ಕಂಡರೆ ನನಗೆ ಹೊಟ್ಟೆಕಿಚ್ಚು. ಅದು ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟ್. ಚೈನ್ ಇಲ್ಲ, ಎಣ್ಣೆ ಬಿಡುವ ಗೋಳಿಲ್ಲ. ನಮ್ಮ ಬೈಕ್‌ಗಳಲ್ಲಿ ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಾದರೆ ಅದಕ್ಕೂ ಮೊದಲೇ, ಚೈನ್‌ಗೆ ಲ್ಯೂಬ್ ಬೇಕು. ಆ ಕೆಲಸಕ್ಕೆ ಡಬಲ್ ಸ್ಟ್ಯಾಂಡ್ ಇರಲೇಬೇಕು. ಕೊಡುವುದಿಲ್ಲ ಅಂದರೆ ದುಡ್ಡು ಕೊಟ್ಟಾದರೂ ಹಾಕಿಸಿಕೊಳ್ಳಿ. ರಾತ್ರಿ ಲಾಡ್ಜಿನ ಮುಂದೆ ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ, ಒಬ್ಬರು ಹಿಡಿದು ಒಬ್ಬರು ಚಕ್ರ ತಿರುಗಿಸುವ ಸರ್ಕಸ್ ಯಾರಿಗೆ ಬೇಕು?

ಈಗ ‘ಎಷ್ಟು ಕೊಡುತ್ತೆ’ ಪ್ರಶ್ನೆಗೆ ಬರೋಣ. ಇದನ್ನು ಕೇಳಿ ನಗುವವರಿದ್ದಾರೆ, ಟೂರಿಂಗ್ ಬೈಕಿಗೆ ಮೈಲೇಜ್ ಯಾಕೆ ಅಂತ. ನಾನು ನಗುವುದಿಲ್ಲ. ಜಿಎಸ್ ಟ್ಯಾಂಕ್ 19 ಲೀಟರ್, ಲೀಟರಿಗೆ 20ರ ಲೆಕ್ಕದಲ್ಲಿ 380 ಕಿಲೋಮೀಟರ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ 17 ಲೀಟರ್ ಟ್ಯಾಂಕ್, ಲೀಟರಿಗೆ 27 ಕೊಟ್ಟರೂ 450 ದಾಟುತ್ತದೆ. ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿವರೆಗೆ ಬಂಕ್ ಹುಡುಕುವ ಚಿಂತೆ ಇಲ್ಲ. ತೂಕ 196 ಕೆಜಿ, ಸೀಟು 825 ಮಿಲಿಮೀಟರ್. 40 ಎಚ್‌ಪಿ ನಮ್ಮ ವೇಗಕ್ಕೆ ಧಾರಾಳ. ಇದೇ ಬೈಕ್ ತಗೊಳ್ಳಿ ಎಂದು ಹೇಳುತ್ತಿಲ್ಲ. ಈ ಅಳತೆಯ ಬೈಕ್ ತಗೊಳ್ಳಿ ಎಂದಷ್ಟೇ. ಅದಕ್ಕಿಂತ ಚಿಕ್ಕದಾದರೂ ನಡೆಯುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಹೆಚ್ಚಿನವು 250 ಸಿಸಿ ಆಸುಪಾಸಿನವು. ನಮ್ಮ ಅಪ್ಪ, ಚಿಕ್ಕಪ್ಪಂದಿರ ಕಾಲದವರು ಅದರಲ್ಲೇ ಊರೂರು ಸುತ್ತಿದರು.

ಬೆಲೆಯ ಲೆಕ್ಕವೂ ಚಿಕ್ಕ ಬೈಕಿನ ಕಡೆಗೇ ವಾಲುತ್ತದೆ. 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗೆ ಜಿಎಸ್‌ಟಿ ಶೇಕಡಾ 18, ಅದರ ಮೇಲೆ 40. ಇಲ್ಲಿ ಜರ್ಮನಿಯಲ್ಲಿ ಎಷ್ಟೇ ಸಿಸಿ ಇರಲಿ ತೆರಿಗೆ ಶೇಕಡಾ 19. ತಮಾಷೆ ಎಂದರೆ, ಇಲ್ಲಿ ಎ2 ಲೈಸೆನ್ಸ್ ಹುಡುಗರು ಕೊಂಡ ಬಿಎಂಡಬ್ಲ್ಯು ಜಿ 310 ಜಿಎಸ್ ಬಂದದ್ದು ಹೊಸೂರಿನ ಟಿವಿಎಸ್ ಕಾರ್ಖಾನೆಯಿಂದ. ಅತ್ತಿಬೆಲೆ ದಾಟಿದರೆ ಸಿಗುವ ಊರು. ಊರಲ್ಲಿ ‘ಫಾರಿನ್ ಬೈಕ್’ ಎಂದು ಆಸೆಪಡುವವರಿಗೆ ಇದನ್ನು ಹೇಳಿದರೆ ಮುಖ ಸಪ್ಪೆಯಾಗುತ್ತದೆ.

ಟೆಸ್ಟ್ ರೈಡ್ ವಿಷಯ. ಇಲ್ಲಿ ಲೈಸೆನ್ಸ್ ತೋರಿಸಿ ಸಹಿ ಹಾಕಿದರೆ ಸಾಕು, ಒಂದು ಗಂಟೆಗೆ ಬೈಕ್ ಕೈಗೆ ಕೊಡುತ್ತಾರೆ. ಬೆಟ್ಟದ ಕಡೆ ಹೋಗಿ ಬರಬಹುದು. ಬೆಂಗಳೂರಿನಲ್ಲಾದರೆ ಶೋರೂಮಿನ ಹುಡುಗ ಹಿಂದೆ ಕೂತು ‘ಸಾರ್, ಇಲ್ಲೇ ಯು ಟರ್ನ್’ ಅನ್ನುತ್ತಾನೆ. ಎರಡನೇ ಗೇರ್ ದಾಟುವುದರೊಳಗೆ ಸಿಗ್ನಲ್. ಅದರಲ್ಲಿ ಏನೂ ತಿಳಿಯುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಬೈಕ್ ಸುಲಭವಾಗಿ ಸಿಗುತ್ತದೆ, ಇಲ್ಲಿಗಿಂತ ಎಷ್ಟೋ ಅಗ್ಗಕ್ಕೆ. ಲಕ್ಷಗಟ್ಟಲೆ ಸುರಿಯುವ ಮುಂಚೆ ಒಂದು ಶನಿವಾರ, ಭಾನುವಾರ ಅದೇ ಮಾಡೆಲ್ ಬಾಡಿಗೆಗೆ ತಗೊಳ್ಳಿ. ನಿಜವಾಗಿ ಒಯ್ಯುವಷ್ಟೇ ಲಗೇಜು ಕಟ್ಟಿ. ಮುಂದೆ ಯಾರು ಹಿಂದೆ ಕೂರುವವರೋ ಅವರನ್ನೇ ಕರೆದುಕೊಂಡು ಹೋಗಿ, ಗೆಳೆಯನನ್ನಲ್ಲ. ಸೀಟು ಹೇಗಿದೆ ಎಂದು ನೀವು ಕೇಳಬೇಕಾಗಿಯೇ ಇಲ್ಲ, ಹಾಸನ ಬರುವಷ್ಟರಲ್ಲಿ ಅವರೇ ಹೇಳುತ್ತಾರೆ.