ಮಷೀನ್ ನಿಲ್ಲೂ ಚಿಂತಿಗೆ ಮೊದಲು ಉತ್ತರ ಕೊಡ್ರಿ

"ಅಪ್ರೈಸಲ್ ಹೊತ್ತಿಗೆ ತರಬೇತಿ ಖರ್ಚು ಕೇಳಿ", ಅಂದ್ರ ವರ್ಷದ ಕೆಲಸದ ಮೌಲ್ಯಮಾಪನದಾಗ ಕಂಪನಿಗೆ ಕೇಳ್ರಿ ಅಂತ ನೌಕರರಿಗೆ ಹೇಳೋ ಲೇಖನವೊಂದರ ಸಲಹೆ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಸಣ್ಣ ವರ್ಕ್‌ಶಾಪ್‌ಗಳಿಗೆ ಒಗ್ಗೂದಿಲ್ಲ. ಅಲ್ಲಿ ಅಪ್ರೈಸಲ್ ಎಲ್ಲಿಂದ ಬರಬೇಕು, ಮಾಲೀಕರೇ ಎಚ್‌ಆರ್. ಸಿಎನ್‌ಸಿ (ಕಂಪ್ಯೂಟರ್ ನಡೆಸೂ ಮಷೀನ್) ಪ್ರೋಗ್ರಾಮಿಂಗ್ ಕೋರ್ಸಿಗೆ ಅವರು ಬ್ಯಾಡ ಅನ್ನೋದು ಫೀಸಿಗಿಂತ ಹೆಚ್ಚಾಗಿ ನೀವು ಹೋದ ದಿನ ಮಷೀನ್ ನಿಂತೀತು ಅಂತ. ಅರ್ಜಿಯೊಳಗ ಆ ದಿನಗಳ ಶಿಫ್ಟ್ ಯಾರು ನೋಡ್ಕೋತಾರ ಅನ್ನೋದನ್ನ ಮೊದಲು ಬರೀರಿ. ಬಿಲ್ ಕಂಪನಿ ಹೆಸರು, ಜಿಎಸ್‌ಟಿ ನಂಬರಿಗೇ ಇರಲಿ. ನಿಮ್ಮ ಹೆಸರಿನ್ಯಾಗ ಬಂದ್ರ ಅವರಿಗೆ ಇನ್‌ಪುಟ್ ಕ್ರೆಡಿಟ್ (ಫೀಸಿನ ಮ್ಯಾಲಿನ ಜಿಎಸ್‌ಟಿಯನ್ನ ತಾವು ಕಟ್ಟೂ ಜಿಎಸ್‌ಟಿಯಿಂದ ಕಳಿಯೂ ಸೌಲಭ್ಯ) ಸಿಗೂದಿಲ್ಲ.

ಬಾಂಡ್ (ಕೋರ್ಸಿನ ನಂತರ ಇಂತಿಷ್ಟು ತಿಂಗಳು ಕೆಲಸ ಬಿಡೂದಿಲ್ಲ, ಬಿಟ್ರ ಫೀಸು ವಾಪಸ್ ಕೊಡ್ತೀನಿ ಅನ್ನೋ ಕರಾರು) ಬಗ್ಗೆ ಲೇಖನ ಚಕಾರ ಎತ್ತಿಲ್ಲ! ಮೊತ್ತ ತಿಂಗಳಿಂದ ತಿಂಗಳಿಗೆ ಇಳೀತದ ಅಂತ ಬರೆಸಿಕೊಳ್ರಿ: ಫೀಸು 24,000 ರೂಪಾಯಿ, ಬಾಂಡ್ 12 ತಿಂಗಳು ಅಂದ್ರ, 9 ತಿಂಗಳಿಗೆ ಬಿಟ್ಟವರು ಕೊಡಬೇಕಾದ್ದು 6,000. ಅಸಲು ಸರ್ಟಿಫಿಕೇಟ್ ಒತ್ತೆ ಇಡೂ ಕರಾರಿಗೆ ಮಾತ್ರ ಸಹಿ ಹಾಕಬ್ಯಾಡ್ರಿ.