ಹದಿನೈದು ಎನ್ರಾನ್‌ಗಳ ಭರವಸೆ

ಮಿಷಿಗನ್ ಸರೋವರದ ದಂಡೆಯಲ್ಲಿ, ಮಿಲ್ವಾಕಿ ನಗರದ ಮಗ್ಗುಲಿಗೆ, ವೈಟ್‌ಫಿಶ್ ಬೇ ಎಂಬ ಪುಟ್ಟ ಊರಿದೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಮುಳುಗಿದರೆ ಆ ನಷ್ಟವನ್ನು ತುಂಬಿಕೊಡುವ ಉದಾರ ಹೊಣೆಯನ್ನು 2006ರಲ್ಲಿ ಈ ಊರಿನ ಶಾಲಾ ಮಂಡಳಿಯು ಹೊತ್ತುಕೊಂಡಿತು. ಮಕ್ಕಳಿಗೆ ಮಗ್ಗಿ ಕಲಿಸಬೇಕಾದ ಮಂಡಳಿಗೆ ಈ ಉಸಾಬರಿ ಏಕೆಂದು ಕೇಳಿ ಪ್ರಯೋಜನವಿಲ್ಲ, ಏಕೆಂದರೆ ತಾನು ಹೊತ್ತದ್ದು ಇಂಥ ಹೊರೆ ಎಂಬುದು ಮಂಡಳಿಗೇ ಸರಿಯಾಗಿ ತಿಳಿದಿರಲಿಲ್ಲ.

ಅಮೆರಿಕದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಯಲ್ಲ. ಅದು ಊರಿನ ಮತದಾರರೇ ಆರಿಸಿದ ಮಂಡಳಿ. ಅದಕ್ಕೆ ಅದರದೇ ಆಸ್ತಿ ತೆರಿಗೆ, ಅದರದೇ ಬಜೆಟ್ಟು, ಅದರದೇ ಸಾಲ. ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಇಂತಿಷ್ಟೇ ಹಣ ಎತ್ತಬೇಕೆಂದು ವಿಸ್ಕಾನ್ಸಿನ್ ರಾಜ್ಯವು 1993ರಲ್ಲಿ ಮಿತಿ ಹಾಕಿತು. ಅದನ್ನು ಮೀರಬೇಕಾದರೆ ಊರನ್ನೆಲ್ಲ ಮತಗಟ್ಟೆಗೆ ಕರೆಯಬೇಕು. ಹೀಗಾಗಿ ಸೋರುವ ಛಾವಣಿಗಾಗಿ ತೆರಿಗೆಯನ್ನು ಮಿತಿ ಮೀರಿ ಎತ್ತುವುದಕ್ಕೆ ಮೂಲೆಮನೆಯ ಅಜ್ಜಿಯ ಒಪ್ಪಿಗೆಯೂ ಬೇಕು, ಆದರೆ ‘ಸಿಂಥೆಟಿಕ್ ಸಿಡಿಒ’ ಎಂಬ ವಸ್ತುವನ್ನು (ಹಲವು ಕಂಪನಿಗಳ ಸಾಲ ಮುಳುಗಿದರೆ ನಷ್ಟ ತುಂಬಿಕೊಡುತ್ತೇವೆಂದು ಒಪ್ಪಿ, ಪ್ರತಿಯಾಗಿ ಬಡ್ಡಿ ಪಡೆಯುವ ಕಾಗದವದು) ಕೊಳ್ಳುವುದಕ್ಕೆ ಮಂಡಳಿಯ ಒಂದು ಠರಾವು ಸಾಕು. ಅಜ್ಜಿಗೆ ಛಾವಣಿ ಅರ್ಥವಾಗುತ್ತದೆ, ಆದ್ದರಿಂದ ಅವಳನ್ನು ಕೇಳುತ್ತಾರೆ. ಸಿಡಿಒ ಯಾರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಯಾರನ್ನೂ ಕೇಳುವುದಿಲ್ಲ.

ನಿವೃತ್ತ ಶಿಕ್ಷಕರ ಆರೋಗ್ಯ ವಿಮೆಗೆ ಮುಂದೆ ಬೇಕಾಗುವ ಹಣವನ್ನು ಇಂದೇ ಲೆಕ್ಕದ ಪುಸ್ತಕದಲ್ಲಿ ತೋರಿಸಬೇಕೆಂಬ ಹೊಸ ನಿಯಮವು ಆ ಹೊತ್ತಿಗೆ ಬಾಗಿಲಿಗೆ ಬಂದಿತ್ತು. ಹೊಣೆ ಕಣ್ಣೆದುರಿಗಿದೆ, ತೆರಿಗೆ ಏರಿಸುವಂತಿಲ್ಲ, ಶಿಕ್ಷಕರಿಗೆ ಕೊಟ್ಟ ಮಾತು ತಪ್ಪುವಂತಿಲ್ಲ. ಇಂಥ ಮನೆಗೆ ರಸವಿದ್ಯೆಯವನು ಬಾರದೆ ಇನ್ನಾರು ಬಂದಾರು? ಸ್ಟೀಫೆಲ್ ನಿಕೋಲಸ್ ಎಂಬ ದಲ್ಲಾಳಿ ಸಂಸ್ಥೆ ಬಂದಿತು. ಅದು ಹೇಳಿದ ಉಪಾಯ ಸರಳವಾಗಿತ್ತು: ಅಗ್ಗದ ಬಡ್ಡಿಗೆ ಸಾಲ ತರುವುದು, ಅದಕ್ಕಿಂತ ತುಸು ಹೆಚ್ಚು ಬಡ್ಡಿ ಕೊಡುವ ಕಾಗದವನ್ನು, ಅಂದರೆ ಅದೇ ಸಿಡಿಒವನ್ನು, ಕೊಳ್ಳುವುದು, ನಡುವಿನ ವ್ಯತ್ಯಾಸದಲ್ಲಿ ಮೇಷ್ಟ್ರುಗಳ ಮಾತ್ರೆ ಔಷಧಿಯ ಖರ್ಚು ಕಳೆಯುವುದು. ವೈಟ್‌ಫಿಶ್ ಬೇ, ಕೆನೋಶಾ, ಕಿಂಬರ್ಲಿ, ವಾಕೆಶಾ, ವೆಸ್ಟ್ ಆಲಿಸ್-ವೆಸ್ಟ್ ಮಿಲ್ವಾಕಿ ಎಂಬ ಐದು ಡಿಸ್ಟ್ರಿಕ್ಟುಗಳು ಸೇರಿ 20 ಕೋಟಿ ಡಾಲರ್ ಹೂಡಿದವು. ಅದರಲ್ಲಿ ಅವುಗಳ ಕೈಯಿಂದ ಹೋದದ್ದು 3.73 ಕೋಟಿ, ಉಳಿದ 16.27 ಕೋಟಿ ಸಾಲ. ಮುಖ್ಯವಾಗಿ ಅದನ್ನು ಕೊಟ್ಟದ್ದು ಐರ್ಲೆಂಡಿನ ಡೆಪ್ಫಾ ಬ್ಯಾಂಕು. ವಿಸ್ಕಾನ್ಸಿನ್ನಿನ ಮೇಷ್ಟ್ರ ಮೊಣಕಾಲು ನೋವಿಗೆ ಐರ್ಲೆಂಡಿನಿಂದ ಹಣ ತಂದು, ಕೆನಡಾದ ರಾಯಲ್ ಬ್ಯಾಂಕಿನವರು ಹೊಲಿದ ಕಾಗದದ ಮೇಲೆ ಹೂಡುವುದಕ್ಕೆ ಜಾಗತೀಕರಣ ಎನ್ನುತ್ತಾರೆ.

ಅಪಾಯದ ಬಗ್ಗೆ ಯಾರೂ ಕೇಳಲಿಲ್ಲವೆನ್ನುವಂತಿಲ್ಲ. ಈ ಹೂಡಿಕೆ ಮುಳುಗಬೇಕಾದರೆ ‘ಹದಿನೈದು ಎನ್ರಾನ್‌ಗಳು’ ಕುಸಿಯಬೇಕು ಎಂಬ ಉತ್ತರ ಸಿಕ್ಕಿತ್ತೆಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯ ದಾವೆಯಲ್ಲಿಯೇ ದಾಖಲಾಗಿದೆ. 2001ರಲ್ಲಿ ದಿವಾಳಿಯೆದ್ದ ಅಮೆರಿಕದ ಇಂಧನ ಕಂಪನಿ ಎನ್ರಾನನ್ನು ಅಳತೆಗೋಲಾಗಿ ಬಳಸಿದ ಕಲ್ಪನಾಶಕ್ತಿಯನ್ನು ಮೆಚ್ಚಲೇಬೇಕು. (ಒಂದೇ ಒಂದು ಎನ್ರಾನು ದಾಭೋಳದ ವಿದ್ಯುತ್ ಯೋಜನೆಯಲ್ಲಿ ಮಾಡಿಹೋದದ್ದೇನೆಂದು ಮಹಾರಾಷ್ಟ್ರದ ವಿದ್ಯುತ್ ಮಂಡಳಿಗೆ ಒಂದು ಕಾಗದ ಬರೆದು ಕೇಳಿದ್ದರೂ ಆಗುತ್ತಿತ್ತು.) ಹದಿನೈದು ಬರಬೇಕೆಂದಿದ್ದ ಪ್ರಳಯವು ಎಣಿಸಿಕೊಂಡು ಬರಲಿಲ್ಲ, 2008ರ ಜಾಗತಿಕ ಹಣಕಾಸು ಕುಸಿತದಲ್ಲಿ ಒಟ್ಟಿಗೇ ಬಂದಿತು.

2010ರ ಹೊತ್ತಿಗೆ ಹೂಡಿದ್ದೆಲ್ಲ ನೀರಿಗೆ ಹೋಗಿತ್ತು. ಸಾಲಕ್ಕೆ ಡಿಸ್ಟ್ರಿಕ್ಟುಗಳು ಕೊಟ್ಟಿದ್ದ ಭದ್ರತೆಯ ಹೆಸರು ‘ನೈತಿಕ ಹೊಣೆ’, ಅಂದರೆ ಕಾನೂನಿನ ಕಟ್ಟಿಲ್ಲದ ಬರಿಯ ಮಾತು. ಕಾಗದದ ಬೆಲೆ ಕುಸಿದಾಗ ಇನ್ನಷ್ಟು ಹಣ ತನ್ನಿರೆಂಬ ಕರೆ ಬಂದಿತು. ತೂತು ಬಿದ್ದ ಕೊಡಕ್ಕೆ ಮತ್ತೆ ನೀರು ಸುರಿಯುವುದಿಲ್ಲವೆಂದು ಅವು ಮೊದಲ ಬಾರಿಗೆ ವಿವೇಕ ತೋರಿದವು. ಆ ವಿವೇಕಕ್ಕಾಗಿ ಸಾಲ ತೀರಿಸುವ ಯೋಗ್ಯತೆಗೆ ಅಂಕ ಕೊಡುವ ರೇಟಿಂಗ್ ಸಂಸ್ಥೆಗಳು ಅವುಗಳ ಅಂಕವನ್ನು ಕಡಿತಗೊಳಿಸಿದವು. ಮುಳುಗಿದ ಕಾಗದಕ್ಕೆ ಹಿಂದೆ ಭೇಷ್ ಎಂದು ಅಂಕ ಕೊಟ್ಟದ್ದೂ ಇದೇ ಪರೀಕ್ಷಕ ವರ್ಗ. ಸಾಲ ಕೊಟ್ಟ ಡೆಪ್ಫಾ ಕೂಡ 2008ರಲ್ಲಿ ನೆಲ ಕಚ್ಚಿ, ಅದರ ಜರ್ಮನ್ ಒಡೆಯ ಬ್ಯಾಂಕನ್ನು ಅಲ್ಲಿನ ಸರ್ಕಾರ ಎತ್ತಿ ನಿಲ್ಲಿಸಬೇಕಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಾವು ಹೇಳುತ್ತೇವೆ. ಇಲ್ಲಿ ಕೊಟ್ಟವನೂ ಇಸಕೊಂಡವನೂ ಕೋಡಂಗಿಗಳು. ಈರಭದ್ರ ನಡುವೆ ಕುಳಿತು ಕಮಿಷನ್ ಎಣಿಸುತ್ತಿದ್ದ. 2011ರಲ್ಲಿ ರಾಯಲ್ ಬ್ಯಾಂಕಿನ ಅಂಗಸಂಸ್ಥೆಯು 3.04 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಸ್ಟೀಫೆಲ್ ತಪ್ಪೊಪ್ಪಿಕೊಳ್ಳಲು 2016 ಬರಬೇಕಾಯಿತು. ಹತ್ತು ವರ್ಷವೆಂದರೆ ಎರಡನೇ ತರಗತಿಯ ಮಗು ಹೈಸ್ಕೂಲು ಮುಗಿಸುವಷ್ಟು ಕಾಲ.

ಇದು ದಲ್ಲಾಳಿಯ ಮೋಸ, ಮಂಡಳಿಯ ಮುಗ್ಧತೆ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕ್ಯಾಲಿಫೋರ್ನಿಯಾದ ಪೊವೆ ಡಿಸ್ಟ್ರಿಕ್ಟು (ಅದೇನೂ ಅಷ್ಟು ಸಣ್ಣದಲ್ಲ) ಇಂಥದೇ ಸಾಹಸವನ್ನು ಕಣ್ಣು ತೆರೆದುಕೊಂಡೇ ಮಾಡಿತು. ತೆರಿಗೆ ದರ ಏರಿಸುವುದಿಲ್ಲವೆಂದು ಮತದಾರರಿಗೆ ಮಾತು ಕೊಟ್ಟಿದ್ದ ಅದು, ಶಾಲೆಗಳ ನವೀಕರಣಕ್ಕೆ 2011ರಲ್ಲಿ 10.5 ಕೋಟಿ ಡಾಲರ್ ಸಾಲ ಎತ್ತಿತು. ಮೊದಲ ಕಂತು 2033ಕ್ಕೆ. 2051ರಲ್ಲಿ ಲೆಕ್ಕ ಮುಗಿಯುವಾಗ ಕಟ್ಟಿದ ಒಟ್ಟು ಹಣ ಸುಮಾರು 98 ಕೋಟಿ. ಬಾಕಿ ಬಡ್ಡಿ ಅಸಲನ್ನು ಮೀರಬಾರದೆಂಬ ದಾಮ್‌ದುಪ್ಪಟ್ ನಿಯಮವನ್ನು ಹಿಂದೆ ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ಪಾಲಿಸುತ್ತಿದ್ದವು. ಆ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಯಪುರದ ಕಡೆಯ ಅತಿ ಕಟುಕ ಸಾಹುಕಾರನೂ ಒಂಬತ್ತು ಪಟ್ಟು ಎಂಬ ಮಾತು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕ್ಯಾಲಿಫೋರ್ನಿಯಾ 2013ರಲ್ಲಿ ಎಚ್ಚೆತ್ತು, ಇನ್ನು ಮುಂದೆ ಇಂಥ ಸಾಲದ ಮರುಪಾವತಿ ಅಸಲಿನ ನಾಲ್ಕು ಪಟ್ಟನ್ನು ಮೀರಬಾರದೆಂದು ಕಾನೂನು ಮಾಡಿತು. ನಾಲ್ಕು ಪಟ್ಟು ಅಲ್ಲಿ ಸಂಯಮದ ಗುರುತು.

ತೆರಿಗೆ ಏರದ ಆ ಸಭೆಯಲ್ಲಿ ಮತ ಹಾಕುವ ವಯಸ್ಸಿಲ್ಲದೆ ಹೊರಗುಳಿದದ್ದು 2011ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಮಾತ್ರ. ಮೊದಲ ಕಂತು ಬರುವಾಗ ಅದಕ್ಕೆ 28 ವರ್ಷ, ಕೊನೆಯ ಕಂತು ತೀರುವಾಗ 46. ಅಷ್ಟರಲ್ಲಿ ಛಾವಣಿ ಇನ್ನೊಮ್ಮೆ ಸೋರತೊಡಗಿರುತ್ತದೆ.